ರುಚಿ ನೋಡಿದ ಬೆಲ್ಲದ ತುಲಾಭಾರ

ಒಂದು ನಿಮಿಷ ಎಲ್ಲರೂ ಸುಮ್ಮನಿರೋಣ. ಮಕ್ಕಳು ಮಾತಾಡಿದರೆ ಆಡಲಿ, ಅಡ್ಡಿಯಿಲ್ಲ. ದೊಡ್ಡವರು ಸುಮ್ಮನಿರೋಣ.

ಕೇಳಿಸಿತೇ? ಹಿಂದೆ, ಕಂಬದ ಹತ್ತಿರ, ಯಾರೋ ಶೇಂಗಾ ಸುಲಿಯುತ್ತಿದ್ದಾರೆ. ಯಾರೆಂದು ನಾನು ಕೇಳುವುದಿಲ್ಲ. ನೀವೂ ತಿರುಗಿ ನೋಡಬೇಡಿ. ಪಾಪ, ಸುಲಿಯುತ್ತಿರುವವರಿಗೇ ಅದು ಗೊತ್ತಿರಲಿಕ್ಕಿಲ್ಲ. ಬೆರಳು ಸುಲಿಯುತ್ತದೆ, ಬಾಯಿ ಅಗಿಯುತ್ತದೆ, ಮನಸ್ಸು ಮಾತ್ರ ನನ್ನ ಮಾತು ಕೇಳುತ್ತಿರುತ್ತದೆ. ಮನೆಗೆ ಹೋದ ಮೇಲೆ ಯಾರಾದರೂ "ಏನು ತಿಂದಿರಿ" ಎಂದರೆ, "ಏನೂ ಇಲ್ಲ, ಪ್ರವಚನ ಕೇಳಿ ಬಂದೆ" ಎನ್ನುತ್ತಾರೆ. ಅದು ಸುಳ್ಳಲ್ಲ ನೋಡಿ. ಅವರ ಪಾಲಿಗೆ ಅದು ಸತ್ಯವೇ. ಅರಿವಿಲ್ಲದೆ ಮಾಡಿದ್ದು ನಮ್ಮ ಪಾಲಿಗೆ ಮಾಡಿದ್ದೇ ಅಲ್ಲ. ಇದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಹೇಳುವಷ್ಟರಲ್ಲಿ ಒಳಗೆ ಹುಗ್ಗಿಯೂ ಕುದಿಯುತ್ತದೆ.

ಬೆಲ್ಲದ ಪೇಟೆ ಇದ್ದ ಊರಲ್ಲಿ ಒಬ್ಬ ಸಾವ್ಕಾರ ಇದ್ದ. ಹೆಸರು ಬೇಡ, ಸಾವ್ಕಾರ ಎಂದರೆ ಸಾಕು. ಅವನ ಅಂಗಡಿಯ ಮುಂದೆ ಬೆಳಿಗ್ಗೆಯಿಂದ ಬೆಲ್ಲದ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ದೊಡ್ಡ ಶ್ರೀಮಂತನೇ, ಆದರೆ ಊರು ಅವನನ್ನು ಗೌರವಿಸುತ್ತಿದ್ದದ್ದು ಹಣಕ್ಕಲ್ಲ, ತಕ್ಕಡಿಗೆ. ಅವನ ತಕ್ಕಡಿಯ ಮುಳ್ಳು ಒಂದು ಕೂದಲೆಳೆ ಆಚೀಚೆ ಆದದ್ದನ್ನು ಯಾರೂ ಕಂಡಿರಲಿಲ್ಲ. ಅವನ ಅಪ್ಪನ, ಅಜ್ಜನ ಕಾಲದಲ್ಲೂ ಕಂಡಿರಲಿಲ್ಲ. ಆ ಹೆಸರೊಂದೇ ಅವನು ಎದೆಗೆ ಕಟ್ಟಿಕೊಂಡು ತಿರುಗುತ್ತಿದ್ದ ಆಸ್ತಿ.

ವಯಸ್ಸು ಐವತ್ತೆರಡು. ಮೈ? ಮೈಯ ವಿಷಯಕ್ಕೇ ಬರುತ್ತೇನೆ, ತಾಳಿ.

ಒಮ್ಮೆ, ಸಂಕ್ರಮಣ ಮುಗಿದ ಹೊಸದರಲ್ಲಿ, ಅವನಿಗೆ ಜ್ವರ ಬಂತು. ಅಂಥಿಂಥ ಜ್ವರವಲ್ಲ, ಎಂಟು ದಿನ ಕಣ್ಣು ಬಿಡಲಿಲ್ಲ. ಹೆಂಡತಿ ಕಸ್ತೂರೆವ್ವ ದವಾಖಾನೆಯ ಬಾಗಿಲಲ್ಲಿ ಕುಳಿತು ಮಠದ ಕಡೆ ಮುಖ ಮಾಡಿ ಹರಕೆ ಹೊತ್ತಳು. "ನನ ಯಜಮಾನ ಎದ್ದ ಮನೀಗೆ ಬಂದ್ರ ಸಾಕು, ಬರೋ ಸಂಕ್ರಮಣಕ್ಕ ಅವನ ತೂಕದಷ್ಟು ಬೆಲ್ಲ ದಾಸೋಹಕ್ಕ ಕೊಡತೀನಿ." ತುಲಾಭಾರ. ತಕ್ಕಡಿಯ ಒಂದು ಪರಡಿಯಲ್ಲಿ, ಅಂದರೆ ತಟ್ಟೆಯಲ್ಲಿ, ಗಂಡ, ಇನ್ನೊಂದು ಪರಡಿಯಲ್ಲಿ ಬೆಲ್ಲ. ಹರಕೆ ಫಲಿಸಿತು. ಒಂಬತ್ತನೆಯ ದಿನ ಸಾವ್ಕಾರ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಇವತ್ತ ಪೇಟಿ ಐತೇನ?"

ಬಿಡುಗಡೆಯ ದಿನ ಡಾಕ್ಟರಮ್ಮ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ನೂರಾ ಹನ್ನೆರಡು ಕೆಜಿ. ಜ್ವರದಲ್ಲಿ ಇಳಿದ ಮೇಲೆಯೇ ಇಷ್ಟು. ಆಕೆ ಚಿಕ್ಕ ವಯಸ್ಸಿನವಳು, ಅವನ ಮಗಳ ವಯಸ್ಸು. ಮೃದುವಾಗಿಯೇ ಹೇಳಿದಳು. "ಮೊಣಕಾಲು ಸವೀಲಿಕ್ಕತ್ಯಾವು ಕಾಕಾ. ಸಕ್ಕರಿ ಗಡಿ ಮ್ಯಾಲ ಬಂದು ನಿಂತೈತಿ. ಒಂದು ವರ್ಷದಾಗ ಇಪ್ಪತ್ತು ಕೆಜಿ ಇಳಸ್ರಿ. ಇಲ್ಲಾಂದ್ರ ಮುಂದಿನ ಸಲ ನಾ ಇಷ್ಟು ನಗ್ತಾ ಮಾತಾಡಂಗಿಲ್ಲ."

"ಅವ್ವಾ, ನಾ ತಿನ್ನೂದ ಎರಡ ರೊಟ್ಟಿ," ಎಂದ ಸಾವ್ಕಾರ.

ನೋಡಿ, ಇದನ್ನು ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಎರಡೇ ರೊಟ್ಟಿ ತಿನ್ನುತ್ತಿದ್ದ. ಅನ್ನ ಒಂದು ಹಿಡಿ. ಚಹಾ ಸಪ್ಪೆ. ಕಸ್ತೂರೆವ್ವ ಸಾಕ್ಷಿ. ಅವಳು ತಲೆಯಾಡಿಸಿದಳು. ಡಾಕ್ಟರಮ್ಮ ಇಬ್ಬರನ್ನೂ ನೋಡಿ ಚೀಟಿ ಬರೆದುಕೊಟ್ಟಳು.

ಮನೆಗೆ ಬಂದವನೇ ಎರಡು ರೊಟ್ಟಿಯನ್ನು ಒಂದು ಮಾಡಿದ. ಹಿಡಿ ಅನ್ನ ಬಿಟ್ಟ. ರಾತ್ರಿ ಊಟದ ಬದಲು ಮಜ್ಜಿಗೆ. ಬೆಳಿಗ್ಗೆ ಎದ್ದು ಕೆರೆಯ ಏರಿಯ ಮೇಲೆ ಒಂದು ಸುತ್ತು. ಇದ್ದೊಬ್ಬ ಗಂಡ ಸೊರಗಿ ಹೋಗುತ್ತಾನೆಂದು ಕಸ್ತೂರೆವ್ವನಿಗೆ ಭಯ. ಸೊರಗಿದನೇ? ಎರಡು ತಿಂಗಳಾದ ಮೇಲೆ ತೂಕ ನೋಡಿದರೆ ನೂರಾ ಹದಿಮೂರು. ಒಂದು ಕೆಜಿ ಹೆಚ್ಚು! ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ. ನಗದೆ ಕುಳಿತವರೂ ಇದ್ದಾರೆ. ನಗದೆ ಇರುವವರಿಗೆ ಗೊತ್ತು ಆ ಸಂಕಟ. ಹಸಿದುಕೊಂಡು ಇರಬೇಕು, ಸಿಡುಕಬೇಕು, ಮೊಮ್ಮಕ್ಕಳ ಮೇಲೆ ರೇಗಬೇಕು, ಕೊನೆಗೆ ಮುಳ್ಳು ಅಲ್ಲೇ ನಿಂತಿರಬೇಕು. ನಡುವಯಸ್ಸಿನಲ್ಲಿ ಇದಕ್ಕಿಂತ ಒಂಟಿಯಾದ ದುಃಖ ಇಲ್ಲ. ಯಾರ ಮುಂದೆ ಹೇಳುವುದು? ಹೇಳಿದರೆ ಎದುರಿನವನು ಮೊದಲು ನೋಡುವುದು ಹೊಟ್ಟೆಯನ್ನು.

ಇದರ ಮೇಲೆ ಊರು ಬೇರೆ.

ಪೇಟೆಯ ಮೂಲೆಯಲ್ಲಿ ಚಹಾದಂಗಡಿಯ ಗಿರಮಲ್ಲ. ಅವನ ಬಾಯಿ ಅಂದರೆ ಊರಿನ ಡಂಗುರ. ಒಂದು ಬೆಳಿಗ್ಗೆ ಸಾವ್ಕಾರ ಏರಿ ಸುತ್ತಿ ಏದುಸಿರು ಬಿಡುತ್ತಾ ಬಂದ. ಗಿರಮಲ್ಲ ಬಟ್ಟಲು ತೊಳೆಯುತ್ತಲೇ ಕೇಳಿದ. "ಏನ್ರಿ ಸಾವ್ಕಾರ್ರ, ಯಾವತ್ತೂ ಇಲ್ಲದ್ದು ನಡಿಯಾಕ ಹತ್ತೀರಿ?"

"ತೂಕ ಇಳಸಬೇಕಪಾ."

"ಸಂಕ್ರಮಣದೊಳಗ?"

"ಹೂಂ, ಅಷ್ಟರಾಗ."

ಗಿರಮಲ್ಲ ಬಟ್ಟಲು ಕವುಚಿಟ್ಟ. ಕುಳಿತಿದ್ದ ನಾಲ್ಕು ಜನರ ಕಡೆ ತಿರುಗಿದ. "ಕೇಳಿದ್ರೇನ? ಸಂಕ್ರಮಣದೊಳಗ ತೂಕ ಇಳಸತಾರಂತ. ತುಲಾಭಾರದಾಗ ಕುಂದರೂದ ಯಾವಾಗ? ಸಂಕ್ರಮಣಕ್ಕ. ಇಪ್ಪತ್ತ ಕೆಜಿ ಮೈ ಇಳೀತಂದ್ರ ಇಪ್ಪತ್ತ ಕೆಜಿ ಬೆಲ್ಲ ಉಳೀತು. ಅದಕ್ಕ ಅವರು ಸಾವ್ಕಾರ್ರು, ನಾ ಚಾ ಮಾರಾಂವ."

ನಾಲ್ಕು ಜನ ಗೊಳ್ಳೆಂದು ನಕ್ಕರು. ಹಾಸ್ಯವೇ, ವಿಷವಿರಲಿಲ್ಲ. ಆದರೆ ಸಾವ್ಕಾರನ ಕಿವಿ ಸುಟ್ಟಿತು. ಮೂರು ತಲೆಮಾರಿನ ತಕ್ಕಡಿ. ಅದರ ಮೇಲೆ ದೇವರಿಗೇ ತೂಕದಲ್ಲಿ ಮೋಸ ಮಾಡಲು ಹೊರಟವನೆಂಬ ಮಾತು. ಸಂಜೆಯೊಳಗೆ ಪೇಟೆಯೆಲ್ಲ ಅದನ್ನೇ ಆಡಿತು. ತಮಾಷೆಗೆ ಆಡಿದವರ ಮಾತು ಮೂರನೆಯ ಬಾಯಿಗೆ ಬಂದಾಗ ತಮಾಷೆಯಾಗಿ ಉಳಿಯುತ್ತದೆಯೇ? ಉಳಿಯುವುದಿಲ್ಲ.

ಅವತ್ತು ಊಟಕ್ಕೆ ಕುಳಿತವನು ಹೇಳಿದ. "ಎರಡೂ ರೊಟ್ಟಿ ಹಾಕು. ಅನ್ನಾನೂ ಹಾಕು. ಮೊಣಕಾಲ ಹೋದ್ರ ಹೋಗಲಿ. ಹೆಸರ ಹೋಗಬಾರದು."

ಕಸ್ತೂರೆವ್ವ ಹಾಕಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಿಂತಳು. "ಹರಕಿ ಹೊತ್ತಾಕಿ ನಾನು. ನೀವು ಇರಲಿ ಅಂತ ಹೊತ್ತೆ. ಬೆಲ್ಲ ಇರಲಿ ಅಂತ ಅಲ್ಲ. ನಾಳೆ ಅಜ್ಜಾರ ಕಡೆ ಹೋಗೋಣು ನಡೀರಿ."

ಹೋದರು. ಅಜ್ಜಾರು ಅಂದರೆ ಆ ಮಠದ ಸ್ವಾಮಿಗಳು. ಮಾತು ಕಡಿಮೆ. ಸಾವ್ಕಾರ ತನ್ನ ಇಕ್ಕಟ್ಟನ್ನೆಲ್ಲ ಹೇಳಿಕೊಂಡ. "ಇಳದ್ರ ಕಳ್ಳ ಅಂತಾರ. ಇಳೀಲಿಲ್ಲಾಂದ್ರ ಸಾಯತೀನಿ. ನಾ ಏನ್ ಮಾಡ್ಲಿ ಅಜ್ಜಾ?" ಅಜ್ಜಾರು ಅಂಗಳದಲ್ಲಿ ಜೋಳ ಹೆಕ್ಕುವ ಪಾರಿವಾಳಗಳ ಕಡೆ ನೋಡಿದರು. ಆಮೇಲೆ ಕೇಳಿದರು.

"ಹರಕಿ ಫಲಿಸಿ ಮನೀಗೆ ಬಂದಾಗ ಎಷ್ಟಿದ್ದಿ?"

"ನೂರಾ ಹನ್ನೆರಡು."

"ಹಂಗಾರ ನೂರಾ ಹನ್ನೆರಡು ದೇವರದು. ನೀ ಎಷ್ಟರ ಇಳಿ, ಅದು ಇಳಿಯಂಗಿಲ್ಲ."

ಸಾವ್ಕಾರನ ಮುಖ ಅರಳಿತು. ಇಷ್ಟು ಸುಲಭವೇ? ಗೋದಾಮಿನಲ್ಲಿ ಬೆಲ್ಲಕ್ಕೇನು ಬರ. ಆದರೆ ಅಜ್ಜಾರು ಬೆರಳೆತ್ತಿದರು. "ಒಂದು ಮಾತು. ನೀ ಎಷ್ಟ ಇಳೀತಿ, ಅಷ್ಟಕ್ಕ ಗೋದಾಮಿನ ಬೆಲ್ಲ ಬ್ಯಾಡ. ನಿನ್ನ ಬಾಯಿಗೆ ಹೋಗೋ ಬೆಲ್ಲ ತಡದು ಕೂಡಿಡು. ಅದನ್ನ ತಂದು ಹಾಕು."

ಸಾವ್ಕಾರ ಪೆಚ್ಚಾದ. "ನಾ ಬೆಲ್ಲನಽ ತಿನ್ನೂದಿಲ್ಲ ಅಜ್ಜಾ. ಚಾ ಸುದ್ದಾ ಸಪ್ಪಂದು."

ಅಜ್ಜಾರು ಒಳಗಿನಿಂದ ಎಣ್ಣೆಯ ಖಾಲಿ ಡಬ್ಬಿಯೊಂದನ್ನು ತರಿಸಿದರು. ತೊಳೆದು ಒಣಗಿಸಿದ, ಮುಚ್ಚಳ ಇದ್ದ ಡಬ್ಬಿ. ಅದನ್ನು ಅವನ ಮುಂದೆ ಇಟ್ಟು ಒಳಗೆ ಹೋದರು.

ಮರುದಿನ ಪೇಟೆ. ಸಾವ್ಕಾರ ಗಾದಿಯ ಮೇಲೆ ಕುಳಿತಿದ್ದಾನೆ, ಪಕ್ಕದಲ್ಲಿ ಖಾಲಿ ಡಬ್ಬಿ. ಮುಖ ಸಪ್ಪಗಿದೆ. ತಿನ್ನದ ಬೆಲ್ಲವನ್ನು ಬಿಡುವುದು ಹೇಗೆ? ಎದುರಿಗೆ ಗಾಡಿಗಳು. ಈಗ ಬೆಲ್ಲದ ಪೇಟೆಯ ಒಂದು ಪದ್ಧತಿ ಹೇಳಬೇಕು, ಗಮನವಿಟ್ಟು ಕೇಳಿ. ಗಾಡಿ ಬಂದಾಗ ಹಮಾಲ ಒಂದು ಪೆಂಟಿಯನ್ನು, ಅಂದರೆ ಬೆಲ್ಲದ ಅಚ್ಚನ್ನು, ಒಡೆದು ಅಡಿಕೆಯಷ್ಟು ದಪ್ಪದ ಚೂರನ್ನು ಸಾವ್ಕಾರನ ಅಂಗೈಗೆ ಕೊಡುತ್ತಾನೆ. ಸಾವ್ಕಾರ ಬಾಯಿಗೆ ಹಾಕಿಕೊಳ್ಳುತ್ತಾನೆ. ಸವುಳು ನೆಲದ ಕಬ್ಬಾದರೆ ಉಪ್ಪುಪ್ಪು, ಹಳೆಯ ಕಬ್ಬಾದರೆ ಒಗರು. ನಾಲಿಗೆ ಹೇಳಿದ ಮೇಲೆ ದರ. ಮುಂದಿನ ಗಾಡಿ. ಮತ್ತೊಂದು ಚೂರು. ಸುಗ್ಗಿಯಲ್ಲಿ ದಿನಕ್ಕೆ ಮೂವತ್ತು ನಲವತ್ತು ಗಾಡಿ.

ಹಮಾಲನ ಹೆಸರು ಮಲಕಾರಿ. ಇಪ್ಪತ್ತೈದು ವರ್ಷದಿಂದ ಅದೇ ಅಂಗಡಿಯಲ್ಲಿ ಪೆಂಟಿ ಒಡೆದವನು. ಮೊದಲ ಗಾಡಿಯ ಚೂರು ಕೊಟ್ಟ. ಸಾವ್ಕಾರ ಬಾಯಿಗೆ ಹಾಕಿಕೊಂಡ. "ಅಜ್ಜಾರು ಎಂಥಾ ಪೇಚಿನಾಗ ಹಾಕ್ಯಾರ ನೋಡಲೇ ಮಲಕಾರಿ," ಎಂದು ಕಥೆಯೆಲ್ಲ ಹೇಳಿದ. "ಬಾಯಿಗೆ ಹೋಗೋ ಬೆಲ್ಲ ಕೂಡಿಡು ಅಂದ್ರು. ನಾ ಬೆಲ್ಲ ಎಲ್ಲಿ ತಿಂತೀನಿ?"

ಮಲಕಾರಿ ಅವನ ಮುಖ ನೋಡಿದ. ಉಬ್ಬಿದ ಕೆನ್ನೆ ನೋಡಿದ.

ಎರಡನೆಯ ಗಾಡಿ. ಮಲಕಾರಿ ಒಡೆದ, ಕೊಟ್ಟ. ಸಾವ್ಕಾರ ಹಾಕಿಕೊಂಡ. "ಚಾಕ್ಕ ಸುದ್ದಾ ಹಾಕ್ಕೊಳ್ಳಂಗಿಲ್ಲ. ನೀನಽ ನೋಡೀದಿ."

ಮಲಕಾರಿ ನೋಡುತ್ತಲೇ ಇದ್ದ.

ಮೂರನೆಯ ಗಾಡಿ. ಒಡೆದ, ಕೊಟ್ಟ. ಸಾವ್ಕಾರ ಬಾಯಿಗೆ ಹಾಕಿಕೊಂಡ. "ಯಾಕಲೇ, ಹಂಗ್ಯಾಕ ನೋಡ್ತಿ? ನನ್ನ ಮಾರಿ ಮ್ಯಾಲ ಏನ್..."

ಅಲ್ಲಿಗೆ ನಿಂತಿತು. ಮಾತು ನಿಂತಿತು, ದವಡೆಯೂ ನಿಂತಿತು. ಬಾಯಲ್ಲಿ ಅರ್ಧ ಕರಗಿದ ಬೆಲ್ಲ. ಗಾಡಿಯ ಎತ್ತು ಕೊರಳಾಡಿಸಿದ ಗಂಟೆ ಮಾತ್ರ ಕೇಳುತ್ತಿತ್ತು. ಸಾವ್ಕಾರ ಕೈಯಿಂದ ಕೆನ್ನೆ ಮುಟ್ಟಿ ನೋಡಿಕೊಂಡ. ಯಾರದೋ ಕೆನ್ನೆಯನ್ನು ಮುಟ್ಟಿದ ಹಾಗೆ.

"ಮಲಕಾರಿ."

"ಹೇಳ್ರಿ."

"ಇದು ಎಷ್ಟ ದಿನದಿಂದ?"

"ನಾ ಬಂದಾಗಿಂದ ರೀ. ಅದಕ್ಕೂ ಮೊದಲಿಂದು ನನಗ ಗೊತ್ತಿಲ್ಲ."

"ನೀ ಯಾಕ ಒಮ್ಮೆನೂ ಹೇಳಲಿಲ್ಲಲೇ?"

"ನೀವು ರುಚಿ ನೋಡಾಕತ್ತೀರಿ ಅಂತ ತಿಳಕೊಂಡಿದ್ದೆ ರೀ. ತಿನ್ನಾಕತ್ತೀರಿ ಅಂತ ನನಗೂ ಇವತ್ತ ಗೊತ್ತಾತು."

ಸಾವ್ಕಾರ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಹೊಟ್ಟೆ ದೊಡ್ಡದು, ನಗೆಯೂ ದೊಡ್ಡದು. ಗಾಡಿಯವರೆಲ್ಲ ಏನಾಯಿತೆಂದು ಬಂದು ನೋಡಿದರು. ಎರಡು ತಿಂಗಳು ಒಂದೊಂದು ರೊಟ್ಟಿಗೆ ಹೋರಾಡಿದ ಮನುಷ್ಯ, ದಿನವೂ ಕಾಲು ಕೆಜಿಗೂ ಹೆಚ್ಚು ಬೆಲ್ಲವನ್ನು ಕೆಲಸವೆಂದುಕೊಂಡು ನುಂಗುತ್ತಿದ್ದ!

ಆದರೆ ಒಂದು ತೊಡಕು. ಬೆಲ್ಲದ ವ್ಯಾಪಾರಿ ರುಚಿ ನೋಡದೆ ದರ ಹೇಳುವುದು ಹೇಗೆ? ದಾರಿ ತೋರಿಸಿದ್ದು ಮಲಕಾರಿಯೇ. ಅಡಿಕೆಯಷ್ಟು ಚೂರಿನ ಮೂಲೆಯಿಂದ ಎಳ್ಳಿನಷ್ಟನ್ನು ಉಗುರಿನಲ್ಲಿ ಚಿವುಟಿ ಕೊಟ್ಟ. "ನಾಲಿಗಿ ತುದೀಗೆ ಹಚ್ಚರಿ. ಉಪ್ಪೋ ಒಗರೋ ಅಲ್ಲೇ ತಿಳೀತೈತಿ. ನುಂಗಿದ ಮ್ಯಾಲ ಏನ್ ತಿಳೀತೈತ್ರಿ? ಗಂಟಲಕ್ಕ ದರ ಹಚ್ಚಾಕ ಬರತೈತೇನ?"

ಗಂಟಲಿಗೆ ದರ ಹಚ್ಚಲು ಬರುತ್ತದೆಯೇ? ಈ ಮಾತನ್ನು ಹಮಾಲನೊಬ್ಬ ಹೇಳಿದ. ನಾನು ಇಷ್ಟು ವರ್ಷ ಈ ಗದ್ದುಗೆಯ ಪಕ್ಕ ಕುಳಿತು ಮಾತಾಡುತ್ತಿದ್ದೇನೆ, ಇಷ್ಟು ಚೆನ್ನಾಗಿ ಹೇಳಲು ನನಗೆ ಬಂದಿಲ್ಲ. ರುಚಿ ಇರುವುದು ನಾಲಿಗೆಯಲ್ಲಿ, ಒಂದು ಕ್ಷಣ. ಅದರಾಚೆ ಹೋಗುವುದೆಲ್ಲ ಭಾರ.

ಅಂದಿನಿಂದ ಎಳ್ಳಿನಷ್ಟು ನಾಲಿಗೆಗೆ, ಉಳಿದ ಚೂರು ಡಬ್ಬಿಗೆ. ಅದು ಎಂಜಲಾಗದ ಬೆಲ್ಲ, ನೆನಪಿರಲಿ, ದೇವರಿಗೆ ಹೋಗಬೇಕಾದದ್ದು. ಸುದ್ದಿ ರೈತರಿಗೆ ತಿಳಿಯಿತು. ದಾಸೋಹಕ್ಕೆ ಹೋಗುವ ಬೆಲ್ಲವೆಂದು ಅವರು ಮುಷ್ಟಿಯಷ್ಟು ದಪ್ಪ ಒಡೆದು ಕೊಡಲು ಬಂದರು. ಸಾವ್ಕಾರ ಒಪ್ಪಲಿಲ್ಲ. "ನಾ ಎಷ್ಟ ತಿಂತಿದ್ದೆ ಅಷ್ಟಽ ಒಡೀರಿ. ತೂಕ ಅಂದ್ರ ತೂಕ."

ಮೊದಲ ಕೆಲವು ದಿನ ಬಹಳ ಕಷ್ಟವಾಯಿತು. ಹಸಿವಿನ ಕಷ್ಟವಲ್ಲ. ಅದು ಯಾವ ಕಷ್ಟವೆಂದು ಅವನಿಗೂ ಮೊದಲು ಹೊಳೆಯಲಿಲ್ಲ. ಬೆಲ್ಲ ಕೊಟ್ಟ ರೈತ ಎದುರಿಗೆ ನಿಂತಿರುತ್ತಾನೆ. ದರಕ್ಕಾಗಿ ಕಾಯುತ್ತಿರುತ್ತಾನೆ. ಮಾತಿಲ್ಲ. ಆ ಮೌನವನ್ನು ದಾಟಲು ಇಷ್ಟು ವರ್ಷ ಬಾಯಲ್ಲಿ ಬೆಲ್ಲ ಇರುತ್ತಿತ್ತು. ಈಗ ಬಾಯಿ ಖಾಲಿ. ಖಾಲಿ ಬಾಯಿಯವನು ಎಲ್ಲಿ ನೋಡಬೇಕು? ಎದುರಿಗಿದ್ದವನ ಮುಖವನ್ನೇ ನೋಡಬೇಕಾಯಿತು. ಹಾಗೆ ನೋಡಿದಾಗ, ಹದಿನೈದು ವರ್ಷದಿಂದ ಬೆಲ್ಲ ತರುತ್ತಿದ್ದ ಒಬ್ಬ ಮುದುಕನ ಎಡಗಣ್ಣಿಗೆ ಪೊರೆ ಬಂದದ್ದು ಕಂಡಿತು.

"ಕಣ್ಣಿಗೆ ಏನಾತೋ ಯಪ್ಪಾ?"

"ಪರಿ ಬಂದೈತ್ರಿ. ಮೂರ ವರ್ಷ ಆತು."

ಮೂರು ವರ್ಷ. ಸಾವ್ಕಾರ ಆ ಹೊತ್ತು ದರ ಹೇಳುವುದನ್ನೇ ಮರೆತ.

ಮನೆಯಲ್ಲೂ ಅದೇ. ಸಂಜೆ ಅಂಗಳದಲ್ಲಿ ಗಂಡ ಹೆಂಡತಿ ಕುಳಿತರೆ ನಡುವೆ ಶೇಂಗಾ ಚುರುಮುರಿಯ ಪುಟ್ಟಿ ಇರುತ್ತಿತ್ತು. ಇಪ್ಪತ್ತೆಂಟು ವರ್ಷದ ಸಂಸಾರ, ಹೊಸದಾಗಿ ಆಡುವ ಮಾತು ಏನಿರುತ್ತದೆ? ಕೈ ಪುಟ್ಟಿಗೆ ಹೋಗುತ್ತಿತ್ತು, ಬಾಯಿಗೆ ಬರುತ್ತಿತ್ತು, ಹೊತ್ತು ಮುಳುಗುತ್ತಿತ್ತು. ಸಾವ್ಕಾರ ಪುಟ್ಟಿಯನ್ನು ಒಳಗಿಡಿಸಿದ. ಕಸ್ತೂರೆವ್ವನಿಗೆ ಕೋಪ. "ನಿಮಗ ಪಥ್ಯ. ನನಗೂ ಯಾಕ? ನಾ ಏನ್ ತಿಂತೀನಿ?" ಹೇಳುವಾಗ ಅವಳ ಬಾಯಲ್ಲಿ ಒಗ್ಗರಣೆಯ ಉಪ್ಪು ನೋಡಲು ಹಾಕಿಕೊಂಡ ಕಡಲೆಬೇಳೆ ಇತ್ತು. ಸಾವ್ಕಾರ ಮಲಕಾರಿಯ ಹಾಗೆ ಸುಮ್ಮನೆ ಅವಳ ಮುಖ ನೋಡಿದ. ಅವಳ ದವಡೆಯೂ ನಿಂತಿತು. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಆಮೇಲೆ ನಡುವೆ ಪುಟ್ಟಿ ಇಲ್ಲದೆ ಕುಳಿತರು. ಮೊದಲ ದಿನ ಮುಜುಗರ. ಎರಡನೆಯ ದಿನ ಸೊಳ್ಳೆಯ ವಿಷಯ ಮಾತಾಡಿದರು. ನಾಲ್ಕನೆಯದೋ ಐದನೆಯದೋ ದಿನ ಕಸ್ತೂರೆವ್ವ ಕೇಳಿದಳು. "ಮದವ್ಯಾದ ಹೊಸದಾಗ ನೀವು ಕುಂತಲ್ಲೇ ಗುಣುಗುಣು ಹಾಡ್ಕೋತಿದ್ರಿ. ಯಾಕ ಬಿಟ್ರಿ?" ಸಾವ್ಕಾರ ಯೋಚಿಸಿದ. ಯಾಕೆ ಬಿಟ್ಟೆ? ಬಾಯಿ ಖಾಲಿ ಇದ್ದದ್ದಾದರೂ ಯಾವಾಗ!

ಎಲ್ಲ ಸುಗಮವಾಗಿ ನಡೆಯಿತೆಂದು ಹೇಳಿದರೆ ನೀವು ನಂಬಬೇಡಿ. ಹೊಸ ಸುಗ್ಗಿಯ ಮೊದಲ ವಾರ ಅವನು ಗಾಣ ನೋಡಲು ಹೋದ. ಕೊಪ್ಪರಿಗೆಯಿಂದ ಆಗ ತಾನೇ ಇಳಿದ ಬಿಸಿ ಬೆಲ್ಲ. ಆ ಘಮ ನಿಮಗೆ ಗೊತ್ತಲ್ಲ. ಗಾಣದವರು ಎಲೆಯಲ್ಲಿ ಹಾಕಿ ಕೊಟ್ಟರು. ನಿಂತಲ್ಲೇ ತಿಂದ. ಇನ್ನೊಂದು ಎಲೆ ಕೇಳಿ ತಿಂದ. ಮೂರನೆಯದನ್ನು ಅವರು ಕೇಳದೆಯೇ ಕೊಟ್ಟರು. ಮನೆಗೆ ಬಂದು ಡಬ್ಬಿಯನ್ನು ಮೂಲೆಗೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದ. "ಇದು ನನ ಕೈಲೆ ಆಗಂಗಿಲ್ಲ. ಅಜ್ಜಾರಿಗೆ ಡಬ್ಬಿ ತಿರುಗಿ ಕೊಡತೀನಿ."

ಕಸ್ತೂರೆವ್ವ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದಳು. "ನಿನ್ನೀದು ಐತಿ. ಮೊನ್ನೀದು ಐತಿ. ಇವತ್ತಿಂದಷ್ಟ ಇಲ್ಲ. ನೀವು ಇವತ್ತ ತಿಂದ್ರಿ ಅಂತ ನಿನ್ನೀದೇನು ಎದ್ದ ಓಡಿ ಹೋಗಿಲ್ಲ. ಏಳ್ರಿ, ಕೈಕಾಲು ತೊಳೀರಿ."

ಸಾವ್ಕಾರ ಎದ್ದ. ಮರುದಿನ ಮತ್ತೆ ಎಳ್ಳಿನಷ್ಟು ನಾಲಿಗೆಗೆ, ಉಳಿದದ್ದು ಡಬ್ಬಿಗೆ. ಮೊದಲ ಡಬ್ಬಿ ಯಾವಾಗಲೋ ತುಂಬಿತ್ತು. ಈಗ ಎರಡನೆಯದೂ ತುಂಬುತ್ತ ಬಂತು. ಮತ್ತೆ ಹೇಳುತ್ತೇನೆ ಕೇಳಿ, ಆ ದಿನಗಳಲ್ಲಿ ಅವನು ಊಟ ಬಿಡಲಿಲ್ಲ. ಎರಡು ರೊಟ್ಟಿ ತಿನ್ನುತ್ತಿದ್ದ, ಪಲ್ಯ ತಿನ್ನುತ್ತಿದ್ದ, ಹಿಡಿ ಅನ್ನವನ್ನೂ ತಿನ್ನುತ್ತಿದ್ದ. ಕುಳಿತು ತಿನ್ನುತ್ತಿದ್ದ. ಬಿಟ್ಟದ್ದು ಊಟವಲ್ಲದ ಊಟವನ್ನು ಮಾತ್ರ. ಕೆರೆಯ ಏರಿ ಸುತ್ತುವಾಗ ಏದುಸಿರು ಕಡಿಮೆಯಾಯಿತು. ಒಂದು ದಿನ ಬಗ್ಗಿ ತನ್ನ ಚಪ್ಪಲಿಯ ಉಂಗುಟವನ್ನು ತಾನೇ ಸರಿಮಾಡಿಕೊಂಡ. ಆಮೇಲೆ ನೆನಪಾಗಿ ನಿಂತ. ಇದನ್ನು ಮಾಡಿ ಎಷ್ಟು ವರ್ಷವಾಗಿತ್ತು?

ಸಂಕ್ರಮಣ ಬಂತು. ಮಠದ ಅಂಗಳದಲ್ಲಿ ಮರದ ದೊಡ್ಡ ತಕ್ಕಡಿ ಕಟ್ಟಿದ್ದರು. ಊರಿಗೆ ಊರೇ ಬಂದಿತ್ತು. ಬೆಲ್ಲದ ರೈತರೆಲ್ಲ ಬಂದಿದ್ದರು. ಗಿರಮಲ್ಲ ಅಂಗಡಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದ. ಸಾವ್ಕಾರ ಬಿಳಿ ಧೋತರ ಉಟ್ಟು ಪರಡಿಯಲ್ಲಿ ಕುಳಿತ. ಚಕ್ಕಳಮಕ್ಕಳ ಹಾಕಿ ಕುಳಿತ. ಕಸ್ತೂರೆವ್ವ ಅದನ್ನೇ ನೋಡುತ್ತಿದ್ದಳು, ನಾಲ್ಕು ವರ್ಷದಿಂದ ಕಾಲು ಚಾಚದೆ ಕೂರದ ಗಂಡನ ಮಡಿಸಿದ ಕಾಲುಗಳನ್ನು.

ಇನ್ನೊಂದು ಪರಡಿಗೆ ಪೆಂಟಿ ಪೇರಿಸಿದರು. ತೊಂಬತ್ತಮೂರು ಕೆಜಿಗೆ ಮುಳ್ಳು ನೆಟ್ಟಗಾಯಿತು. ಹತ್ತೊಂಬತ್ತು ಕೆಜಿ ಇಳಿದಿದ್ದ. ಅಂಗಳದಲ್ಲಿ ಗುಜುಗುಜು. ಗಿರಮಲ್ಲ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಹೇಳಿದ್ನಿಲ್ಲ? ದೇವರಿಗೆ ಹತ್ತೊಂಬತ್ತ ಕೆಜಿ ಟೊಪಿಗಿ."

ಸಾವ್ಕಾರ ಮಲಕಾರಿಯ ಕಡೆ ಕೈ ಬೀಸಿದ. ಜನ ದಾರಿ ಬಿಟ್ಟರು. ಮಲಕಾರಿ ಒಂದು ಡಬ್ಬಿ ಹೆಗಲ ಮೇಲೆ, ಒಂದು ಡಬ್ಬಿ ಕೈಯಲ್ಲಿ ಹಿಡಿದು ಬಂದ. ಮುಚ್ಚಳ ತೆಗೆದು ಪೆಂಟಿಗಳ ಮೇಲೆ ಸುರಿಯತೊಡಗಿದ. ಅಡಿಕೆಯಷ್ಟು ದಪ್ಪದ ಚೂರುಗಳು. ಹಳದಿಯವು, ಕೆಂಪಿನವು, ಕಪ್ಪಿಗೆ ತಿರುಗಿದವು, ನೂರಾರು ಹೊಲದ ಬೆಲ್ಲ. "ಅಕಾ, ಆ ಬಂಗಾರದಂಥಾದ್ದು ನಂದು," ಎಂದ ಒಬ್ಬ ರೈತ. "ಆ ಕರೀದು ನಿಂದಽ ಇರಬೇಕು," ಎಂದು ಪಕ್ಕದವನು ಅವನ ಬೆನ್ನಿಗೆ ಹೊಡೆದ.

ಮೊದಲ ಡಬ್ಬಿ ಅರ್ಧವಾಗುವಷ್ಟರಲ್ಲಿ ಸಾವ್ಕಾರನ ಪರಡಿ ಅಲುಗಿತು. ಒಂದು ಗೇಣು ಮೇಲೆದ್ದಿತು. ಎರಡು ಗೇಣು. ಚೂರುಗಳು ಬೀಳುತ್ತಲೇ ಇದ್ದವು, ಸಾವ್ಕಾರ ಏರುತ್ತಲೇ ಇದ್ದ. ಮೊದಲೇ ತೂಗಿ ಗುರುತು ಹಾಕಿದ್ದ ಎರಡನೆಯ ಡಬ್ಬಿಯ ಅರ್ಧಕ್ಕೇ ನೂರಾ ಹನ್ನೆರಡು ಮುಟ್ಟಿತು. "ಸಾಕಲೇ, ತೂಕ ಆತು," ಎಂದರು ಯಾರೋ. ಮಲಕಾರಿ ನಿಲ್ಲಿಸಲಿಲ್ಲ. "ಇದನ್ನೇನ ಮನೀಗೆ ಒಯ್ಯೂದು?" ಎಂದು ಅಡಿ ಬಡಿದು ಪೂರಾ ಸುರಿದ.

ಸಾವ್ಕಾರ ಈಗ ಜನರ ತಲೆಯ ಎತ್ತರದಲ್ಲಿ ಇದ್ದ. ಕೆಳಗೆ, ಎದುರಿನ ಪರಡಿಯಲ್ಲಿ, ಬೆಲ್ಲದ ಗುಡ್ಡೆ. ಅವನು ಅದನ್ನು ನೋಡಿದ. ಒಂದೊಂದು ಚೂರನ್ನೂ ಅವನು ಅಂಗೈಯಲ್ಲಿ ಕಂಡಿದ್ದ. ಎಲ್ಲವನ್ನೂ ಒಟ್ಟಿಗೆ ಎಂದೂ ಕಂಡಿರಲಿಲ್ಲ.

"ಮಲಕಾರಿ," ಎಂದ ಮೇಲಿನಿಂದ. "ಇಷ್ಟೂ ನಾ ತಿಂತಿದ್ನೇನಲೇ?"

"ಇದು ಒಂದ ವರ್ಷದ್ದೂ ಅಲ್ಲ ರೀ," ಎಂದ ಮಲಕಾರಿ, ತಲೆ ಎತ್ತಿ. "ನಾ ಒಡದು ಕೊಟ್ಟದ್ದು ಪೂರಾ ಹಾಕಿದ್ರ ನೀವು ಗೋಪುರದ ಕಳಸಕ್ಕ ತಾಗತಿದ್ರಿ."

ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮೇಲಿದ್ದವನು ನಕ್ಕ. ನಗುವಾಗ ಪರಡಿ ತೂಗಿತು, ಸರಪಳಿ ಕಿರುಗುಟ್ಟಿತು. ಕಸ್ತೂರೆವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಳು, ಅಳುತ್ತಿದ್ದಳು. ಗಿರಮಲ್ಲ ಮುಂದೆ ಬಂದ. ಕೆಳಗೆ ಬಿದ್ದಿದ್ದ ಒಂದು ಚೂರನ್ನು ಹೆಕ್ಕಿ ಗುಡ್ಡೆಯ ಮೇಲೆ ಇಟ್ಟ. "ನನ್ನ ಹಗುರ ಮಾತಿನ ದಂಡ ಇದು," ಎಂದ. "ಇದನ್ನೂ ತೂಕಕ್ಕ ಹಿಡಕೋರಿ ಸಾವ್ಕಾರ್ರ."

ಆ ಬೆಲ್ಲದಲ್ಲಿ ಅಂದು ಹುಗ್ಗಿಯಾಯಿತು. ಸಾವ್ಕಾರ ಜನರ ಸಾಲಿನಲ್ಲಿ ನೆಲದ ಮೇಲೆ ಕುಳಿತ, ಒಂದು ಪಕ್ಕ ಮಲಕಾರಿ, ಇನ್ನೊಂದು ಪಕ್ಕ ಗಿರಮಲ್ಲ. ಒಂದು ಸೌಟು ಹುಗ್ಗಿ ಹಾಕಿಸಿಕೊಂಡ. ನಿಧಾನವಾಗಿ ತಿಂದ. ಎರಡನೆಯ ಸಲ ಬಡಿಸಲು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಸಪ್ಪೆ ಮುಖ ಮಾಡಿಕೊಂಡು ಹಿಡಿದನೇ? ಇಲ್ಲ. ನಾಲಿಗೆಗೆ ತೃಪ್ತಿಯಾಗಿತ್ತು. ಅದು ಹೇಳಿದ್ದು ಅವನಿಗೆ ಕೇಳಿಸಿತು. ಇಪ್ಪತ್ತೈದು ವರ್ಷ ದಿನವಿಡೀ ಬೆಲ್ಲ ತಿಂದವನಿಗೆ ಬೆಲ್ಲ ಎಷ್ಟು ಸಿಹಿ ಎಂದು ತಿಳಿದದ್ದು ಅಂದು.

ನೋಡಿ, ಕಥೆ ಮುಗಿಯಿತು. ಸಾವ್ಕಾರನನ್ನು ಈಗ ಮನೆಗೆ ಕಳಿಸೋಣ. ನಿಮ್ಮ ಕಡೆ ತಿರುಗುತ್ತೇನೆ.

ನಿಮ್ಮ ಚೂರು ಯಾವುದು? ಬೆಲ್ಲವೇ ಆಗಬೇಕೆಂದಿಲ್ಲ. ಅಡುಗೆ ಮಾಡುವ ತಾಯಂದಿರೇ, ಮಗು ತಟ್ಟೆಯಲ್ಲಿ ಬಿಟ್ಟ ಕೊನೆಯ ತುತ್ತು, ಪಾತ್ರೆ ತೊಳೆಯುವ ಮೊದಲು ಬೆರಳಲ್ಲಿ ಬಳಿದ ತಳ, ಅದು ಎಲ್ಲಿಗೆ ಹೋಗುತ್ತದೆ? ಅಂಗಡಿಯಲ್ಲಿ ಕೂರುವ ಅಣ್ಣಂದಿರೇ, ಬಂದವನೊಂದಿಗೆ ಒಂದು, ಹೋಗುವವನೊಂದಿಗೆ ಒಂದು ಚಹಾ, ಜೊತೆಗೊಂದು ಬಿಸ್ಕತ್ತು, ಅದಕ್ಕೆ ನೀವು ಊಟ ಎನ್ನುತ್ತೀರಾ? ಎನ್ನುವುದಿಲ್ಲ. ಬಂದು ನನ್ನ ಮುಂದೆ ಕುಳಿತು ಹೇಳುತ್ತೀರಿ, "ಎರಡೇ ರೊಟ್ಟಿ ಅಜ್ಜಾ, ಆದರೂ ಹೊಟ್ಟೆ ಇಳಿಯುವುದಿಲ್ಲ." ನಾನು ನಿಮ್ಮನ್ನು ನಂಬುತ್ತೇನೆ. ನೀವೇ ನಿಮ್ಮನ್ನು ನೋಡಿಕೊಂಡಿಲ್ಲ, ಅಷ್ಟೇ.

ಊಟ ಬಿಡಬೇಡಿ. ಉಪವಾಸ ಬಿದ್ದು ಮನೆಯವರ ಮೇಲೆ ರೇಗಬೇಡಿ. ನಾಳೆ ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ಖಾಲಿ ಡಬ್ಬಿ ಇಡಿ. ಅಂಗಡಿಯಲ್ಲಿ ಇನ್ನೊಂದು. ಕುಳಿತು, ತಟ್ಟೆ ಮುಂದಿಟ್ಟುಕೊಂಡು ತಿನ್ನುವುದನ್ನೆಲ್ಲ ಸಂತೋಷವಾಗಿ ತಿನ್ನಿ. ನಿಂತು ಬಾಯಿಗೆ ಹಾಕಲು ಹೊರಟದ್ದನ್ನು ಡಬ್ಬಿಗೆ ಹಾಕಿ. ಸಂಜೆ ಮುಚ್ಚಳ ತೆಗೆದು ನೋಡಿ. ಬೈದುಕೊಳ್ಳಬೇಡಿ, ನಗು ಬಂದರೆ ನಕ್ಕುಬಿಡಿ. ಅದನ್ನು ಹಸುವಿಗೆ ಕೊಡಿ, ಹಸಿದವರಿಗೆ ಕೊಡಬಹುದಾದದ್ದಿದ್ದರೆ ಅವರಿಗೆ ಕೊಡಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಡಬ್ಬಿ ಇಡಿ. ಮತ್ತೆ, ಕೈಗೂ ಬಾಯಿಗೂ ಕೆಲಸವಿಲ್ಲದೆ ಸುಮ್ಮನೆ ಕುಳಿತ ಹೊತ್ತಿನಲ್ಲಿ ಎದುರಿಗೆ ಯಾರಿದ್ದಾರೋ ಅವರ ಮುಖ ನೋಡಿ. ಬಹಳ ದಿನದಿಂದ ನೋಡಿರುವುದಿಲ್ಲ.

ಒಳಗೆ ಹುಗ್ಗಿ ಇಳಿಸಿದ ವಾಸನೆ ಬರುತ್ತಿದೆ. ಎದ್ದು ಹೋಗಿ ಸಾಲಿನಲ್ಲಿ ಕುಳಿತುಕೊಳ್ಳಿ. ಒಂದು ಸೌಟು ಹಾಕಿಸಿಕೊಳ್ಳಿ, ಮೊದಲ ತುತ್ತನ್ನು ಮಾತಾಡದೆ ತಿನ್ನಿ. ಅದಕ್ಕೂ ಮೊದಲು ಇನ್ನೊಮ್ಮೆ, ಒಂದೇ ನಿಮಿಷ, ಎಲ್ಲರೂ ಸುಮ್ಮನಿರೋಣ.

ಕೇಳಿಸುತ್ತಿದೆಯೇ? ನನಗೂ ಇಲ್ಲ. ಕಂಬದ ಹತ್ತಿರದವರು ಶೇಂಗಾ ಜೇಬಿಗೆ ಹಾಕಿಕೊಂಡಿದ್ದಾರೆ. ಏಳಿ, ಊಟಕ್ಕೆ ಹೋಗೋಣ.